ನಾಲ್ಕು ಬೆರಳು ಕಡಿಮೆ

ಇಳಕಲ್ಲಿನ ಹೊರಗೆ, ಹುನಗುಂದದ ರಸ್ತೆಗೆ ಹೊಂದಿಕೊಂಡ ಆ ಕೆಂಪು ಕಲ್ಲಿನ ಮನೆಯ ಮುಂದೆ ಪಿಕಪ್ ನಿಲ್ಲಿಸಿದ ವಿಜಯಮಹಾಂತೇಶ, ಹಾರ್ನ್ ಹೊಡೆಯಲೆಂದು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದ. ಹಿಂದೆಲ್ಲ ಒಂದು ಹಾರ್ನ್ ಸಾಕಿತ್ತು. ನಾಲ್ಕು ವರ್ಷದ ಅನ್ವಿ "ಡೋಮ್ ಮಾಮಾ ಬಂದ್ರು, ಡೋಮ್ ಮಾಮಾ ಬಂದ್ರು" ಎಂದು ಮನೆಯೆಲ್ಲ ಎಬ್ಬಿಸಿಬಿಡುತ್ತಿದ್ದಳು. ಆ ಕೂಸು ಹೋಗಿ ಐದು ತಿಂಗಳಾಗಿತ್ತು. ಇವನು ಮುಚ್ಚಬೇಕಾಗಿದ್ದ ಈಜುಕೊಳದಲ್ಲೇ ಹೋಗಿತ್ತು.

ಇಳಿದು ಗೇಟನ್ನು ಬೆರಳಿನಿಂದ ತಟ್ಟಿದ. ತೆಗೆದವಳು ಮಹೇಶ್ವರಿ, ಅನ್ವಿಯ ಸೋದರತ್ತೆ.

"ಬರ್ರಿ."

"ಬಂದೇನ್ರಿ."

ಇಬ್ಬರೂ ಅಂದದ್ದು ಅಷ್ಟೇ. ಐದು ತಿಂಗಳು ದಿನಾ ಅವಳಿಗೆ ಫೋನ್ ಹಚ್ಚಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ ಗಂಡಸಿಗೆ ಇದಕ್ಕಿಂತ ಹೆಚ್ಚಿನ ಮಾತು ಎಲ್ಲಿಂದ ಬರಬೇಕು? ಅವಳು ಸೊರಗಿದ್ದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆದರೂ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಾಗ ಅವನ ಎದೆ ಹಳೆಯ ಚಾಳಿಯಂತೆ ಒಮ್ಮೆ ಹಾರಿತು. ಅದಕ್ಕಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಪಿಕಪ್ಪಿನ ತುಂಬ ಅಲ್ಯೂಮಿನಿಯಂ ಕಮಾನುಗಳು, ಗಾಜಿನಂತೆ ಹಾಯ್ದು ಕಾಣುವ ಪ್ಲಾಸ್ಟಿಕ್ ಶೀಟುಗಳು, ಕೊಳದ ಮೇಲೆ ಹೊದಿಸುವ ಡೋಮ್ ಸರಿದಾಡುವ ಹಳಿಗಳು. ಜೊತೆಗೆ ಬಂದಿದ್ದ ಫಿಟ್ಟರ್ ಅಮೀನಸಾಬ ಅರವತ್ತರ ಮನುಷ್ಯ. ಒಂದೊಂದನ್ನೇ ಸಪ್ಪಳವಾಗದಂತೆ ಇಳಿಸುತ್ತ ಅವನು ಮೆಲ್ಲಗೆ ಹೇಳಿದ: "ಊರು ಕೊಳ್ಳಿ ಹೋದಮ್ಯಾಲ ಕ್ವಾಟಿ ಬಾಗ್ಲಾ ಹಾಕಿದ್ರಂತ. ಇಂಥಾ ಕೆಲಸಾ ನನ್ನ ಜನ್ಮದಾಗ ಮಾಡಿಲ್ಲೋ ಮಾಂತೇಶಾ."

ಮಾಂತೇಶ ಒಂದು ಹಳಿಯನ್ನು ಹೆಗಲಿಗೇರಿಸಿದ. ಬಾಗಿಲು ತಡವಾಗಿ ಬಂದದ್ದು ಯಾಕೆ ಎಂಬುದು ಅವನಿಗೆ ಗೊತ್ತಿತ್ತು. ಅದು ತನ್ನೊಬ್ಬನಿಗೇ ಗೊತ್ತಿದೆ ಎಂದೂ ಅವನು ತಿಳಿದಿದ್ದ. ಇವತ್ತು ಅದನ್ನು ಮಹೇಶ್ವರಿಗೆ ಹೇಳಿಯೇ ಹೋಗುವುದೆಂದು ಬಾಗಲಕೋಟೆ ಬಿಡುವಾಗಲೇ ನಿಶ್ಚಯ ಮಾಡಿಕೊಂಡಿದ್ದ. ಹೇಳಿದ ಮೇಲೆ ಅವಳು ತನ್ನ ಮುಖ ನೋಡುವುದಿಲ್ಲ ಎಂಬುದೂ ಅಷ್ಟೇ ನಿಶ್ಚಯವಾಗಿತ್ತು.

*

ಅವನು ಈ ಮನೆಗೆ ಮೊದಲ ಸಲ ಬಂದದ್ದು ಸಂಕ್ರಮಣ ಕಳೆದ ಮೇಲೆ. ಮನೆಯ ಯಜಮಾನ ಚೇತನಕುಮಾರನದು ಗ್ರಾನೈಟ್ ಪಾಲಿಶ್ ಕಾರ್ಖಾನೆ. ಮಗಳು ನೀರು ಕಂಡರೆ ಕುಣಿಯುತ್ತಾಳೆಂದು ತನ್ನದೇ ಕಲ್ಲು ಕೂಡಿಸಿ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ್ದ. ಕೂಸು ಓಡಾಡುವ ಮನೆ, ಮೇಲೆ ಕೀಲಿ ಹಾಕುವಂಥ ಡೋಮ್ ಬೇಕೇ ಬೇಕು ಎಂದು ಹಟ ಹಿಡಿದವಳು ಅವನ ಹೆಂಡತಿ ಬನಶಂಕರಿ.

ಕೊಳ ಅಳೆಯುವಾಗ ಟೇಪಿನ ತುದಿ ಹಿಡಿಯಲು ಒಬ್ಬರು ಬೇಕಾಗಿತ್ತು. ಚೇತನಕುಮಾರ ತಂಗಿಯನ್ನು ಕರೆದ. "ನಮ್ಮ ಮಹೇಶಿ ಹಿಡೀತಾಳ ತಗೋರಿ. ಫ್ಯಾಕ್ಟರ್ಯಾಗ ಕಲ್ಲಿನ ಅಳತಿ ಎಲ್ಲಾ ಅಕೀನ ನೋಡ್ತಾಳ."

ಯಾವ ಊರಿಗೆ ಕೆಲಸಕ್ಕೆ ಹೋದರೂ ಮನೆಯ ಹೆಣ್ಣುಮಕ್ಕಳನ್ನು ಮಾಂತೇಶ "ಅಕ್ಕಾರ" ಎಂದೇ ಕರೆಯುತ್ತಿದ್ದ. ಹದಿನೆಂಟರವಳಿರಲಿ ಎಂಬತ್ತರವಳಿರಲಿ, ಎಲ್ಲರೂ ಅಕ್ಕಾರ. ಆ ದಿನ ಕೊಳದ ಆಚೆ ದಂಡೆಯಲ್ಲಿ ಕೂತು, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತಲೆ ಎತ್ತಿದವಳನ್ನು ಹಾಗೆ ಕರೆಯಲು ಮಾತ್ರ ಅವನ ಬಾಯಿ ಒಪ್ಪಲಿಲ್ಲ. "ಎಡಕ್ಕ ಸರೀರಿ", "ಹಾಂ, ಬಿಡ್ರಿ" ಎಂದು ಹೇಗೋ ಕೆಲಸ ಸಾಗಿಸಿದ.

ಅವಳು ಬಿಡುವವಳಲ್ಲ. "ನಮ್ಮ ಬನಶಂಕರಿ ವೈನಿಗೆ ಅಕ್ಕಾರ ಅಂದ್ರಿ. ಕಸಾ ಹೊಡಿಯಾಕಿಗೂ ಅಕ್ಕಾರ ಅಂದ್ರಿ. ನನಗ ಯಾಕ ಏನೂ ಅನವಲ್ರಿ?"

"ಅಂದ್ರ ಅಳತಿ ತಪ್ಪತೈತ್ರಿ."

"ಅನದಿದ್ರ?"

"ಅನದಿದ್ರೂ ತಪ್ಪೂ ಹಂಗ ಕಾಣತೈತಿ."

ಅವಳು ನಗಲಿಲ್ಲ. ಕೆಳತುಟಿಯನ್ನು ಹಲ್ಲಿನಲ್ಲಿ ಹಿಡಿದು ಟೇಪಿನ ಕಡೆ ನೋಡಿದಳು. ಕಿವಿ ಮಾತ್ರ ಕೆಂಪಗಾದವು. ಎದುರು ದಂಡೆಯಲ್ಲಿದ್ದವನಿಗೆ ಅಷ್ಟು ಕಂಡದ್ದೇ ಸಾಕಾಯಿತು.

ಆ ದಿನ ಅವನು ಉದ್ದ ಅಳೆದ, ಅಗಲ ಅಳೆದ, ಮೂಲೆಯಿಂದ ಮೂಲೆಗೆ ಅಳೆಯಲಿಲ್ಲ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುವವನು ಮೂಲೆಯ ಅಳತೆ ಮರೆಯುವುದೆಂದರೆ ಊಟಕ್ಕೆ ಕೂತವನು ಬಾಯಿ ಮರೆತ ಹಾಗೆ. ಅದಿಲ್ಲದೆ ಕಮಾನು ಬಗ್ಗಿಸಲು ಕೊಡುವಂತೆಯೇ ಇಲ್ಲ. ಅವನು ಮರೆತಿರಲಿಲ್ಲ. ಇನ್ನೊಮ್ಮೆ ಬರಲು ಒಂದು ನೆವ ಬೇಕಾಗಿತ್ತು, ಬೇಕೆಂದೇ ಬಿಟ್ಟು ಹೋದ. ಎಂಟು ದಿನ ಕಳೆದು ಮತ್ತೆ ಬಂದ.

ಎರಡನೆಯ ಸಲ ಎಲ್ಲವನ್ನೂ ಹೊಸದಾಗಿ ಅಳೆದರು. ಟೇಪಿನ ಕೆಳಗೆ ನುಸುಳಾಡುತ್ತಿದ್ದ ಅನ್ವಿ ಕೇಳಿದಳು: "ಮಾಮಾ, ಡೋಮಿನ್ಯಾಗ ಮಳಿ ಬರ್ತೈತೇನು?"

"ಮಳಿ ಕಾಣತೈತವಾ. ನಾವು ತೋಯೂದಿಲ್ಲ."

"ಹಂಗಾರ ಲಗೂ ಮಾಡ್ರಿ."

ಹುಬ್ಬಳ್ಳಿಯಲ್ಲಿ ಬಗ್ಗಿಸಿದ ಕಮಾನುಗಳು ಬಂದವು. ತಂದು ನಿಲ್ಲಿಸಿದರೆ ಅಗಲದಲ್ಲಿ ನಾಲ್ಕು ಬೆರಳು ಕಡಿಮೆ. ಬೋಲ್ಟು ಹಾಕಲು ಕಮಾನಿನ ಕಾಲಿನ ಕೆಳಗೆ ಕಲ್ಲೇ ಇಲ್ಲ. ಟೇಪು ನೋಡುವುದು ಬಿಟ್ಟು ಹುಡುಗಿಯ ಮುಖ ನೋಡಿದರೆ ಇನ್ನೇನಾಗುತ್ತದೆ ಎಂದುಕೊಂಡ ಮಾಂತೇಶ. ನಾಚಿಕೆಗಿಂತ ಖುಷಿಯೇ ಹೆಚ್ಚಾಗಿತ್ತು. ಇನ್ನೊಂದು ಸಲ ಬರುವುದಾಯಿತಲ್ಲ! ಮೂರನೆಯ ಅಳತೆ ಮುಗಿಸಿ ಹೊರಟವನು ಗೇಟಿನ ಹತ್ತಿರ ಧೈರ್ಯ ಮಾಡಿದ.

"ಡೋಮ್ ಕೂಡ್ರಿಸಿದ ಮರುದಿನ ಮತ್ತ ಬರ್ತೇನ್ರಿ. ಟೇಪ್ ತರೂದಿಲ್ಲ. ನಮ್ಮ ಅವ್ವನ್ನ ಕರಕೊಂಡು ಬರ್ತೇನಿ."

"ಯಾಕ, ನಿಮ್ಮ ಅವ್ವಾರೂ ಅಳತಿ ಮಾಡ್ತಾರೇನು?"

"ಅಕೀದು ಬ್ಯಾರೇ ಅಳತಿರಿ. ನೋಡಿದ ಕೂಡ್ಲೆ ಹೇಳ್ತಾಳ, ಮನಿಗೆ ಹೊಂದತೈತೋ ಇಲ್ಲೋ ಅಂತ."

"ಹೊಂದಲಿಲ್ಲಂದ್ರ?"

"ಹೊಂದೂ ತನಾ ಅಳೀತೇವಿ."

ಈ ಸಲ ಅವಳು ಬಾಯ್ತುಂಬ ನಕ್ಕಳು. ಬಾಗಲಕೋಟೆ ಮುಟ್ಟುವವರೆಗೂ ಅವನ ಕಣ್ಣಿಗೆ ರಸ್ತೆಯೇ ಕಂಡಿರಲಿಲ್ಲ.

ಹೊಸ ಕಮಾನಿಗೆ ಹುಬ್ಬಳ್ಳಿಯವರು ಇಪ್ಪತ್ತು ದಿನ ಕೇಳಿದರು. ಹದಿನೆಂಟನೆಯ ದಿನದ ಮಧ್ಯಾಹ್ನ, ಬನಶಂಕರಿ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಾಗ, ಅನ್ವಿ ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು.

ಮಣ್ಣು ಕೊಡುವಾಗ ಮಾಂತೇಶ ಜನರ ಹಿಂದೆ ನಿಂತಿದ್ದ. ಅಳತೆ ನೋಡಿ ನೋಡಿ ರೂಢಿಯಾದ ಅವನ ಕಣ್ಣು ಅಲ್ಲಿಯೂ ಸುಮ್ಮನಿರಲಿಲ್ಲ. ಕುಣಿಯ ಉದ್ದ ಮೂರೂವರೆ ಅಡಿ.

*

ಹೋದ ವಾರ ಚೇತನಕುಮಾರ ತಾನಾಗಿಯೇ ಫೋನ್ ಮಾಡಿದ್ದ. "ಮಾಡಾಕ ಕೊಟ್ಟದ್ದು ಬಂದು ಕೂಡ್ರಿಸಿ ಹೋಗು."

ಹೊಂಡವನ್ನೇ ಮುಚ್ಚಿಸಬಾರದೇ ಎಂದು ಮಾಂತೇಶ ಅಂಜುತ್ತ ಕೇಳಿದ.

"ಅನ್ವಿಗೆ ಒಮ್ಮೆ ಮಣ್ಣ ಹಾಕೇನಿ. ಎರಡನೇ ಸಲಾ ನನ್ನ ಕೈಲೆ ಆಗೂದಿಲ್ಲ." ಚೇತನಕುಮಾರ ಮುಂದುವರಿಸಿದ: "ಮನ್ಯಾಗ ನಾನು, ಮಹೇಶಿ ಇಬ್ರ ಇದ್ದೇವಿ. ಬನಶಂಕರಿನ್ನ ಬಾದಾಮಿಗೆ ಆಕಿ ತವರಮನಿಗೆ ಕಳಿಸೇನಿ. ಹಿತ್ತಲ ಬಾಗಿಲಿಗೆ ಒಂದು ಚಿಲಕಾ ಹಾಕಾಕ ಆಗಲಾರದಾಕಿ ನನ್ನ ಮನ್ಯಾಗ ಬ್ಯಾಡ."

ಡೋಮ್ ಬೇಕೆಂದು ಹಟ ಹಿಡಿದವಳು ಆ ತಾಯಿ. ತಡ ಮಾಡಿದವನು ತಾನು. ಕೂಸನ್ನು ಕಳೆದುಕೊಂಡು, ಮೇಲೆ ಅಪವಾದವನ್ನೂ ಹೊತ್ತುಕೊಂಡು ತವರಿನ ಮೂಲೆಯಲ್ಲಿ ಕೂತವಳು ಅವಳು.

ಈಗ ಕೊಳ ಬರಿದಾಗಿತ್ತು. ತಳದಲ್ಲಿ ಅಂಗೈಯಷ್ಟು ಆಳ ಮಳೆನೀರು, ಅದರಲ್ಲಿ ಬೇವಿನ ಎಲೆ. ಮಾಂತೇಶ ಅತ್ತ ನೋಡದೆ ಕೆಲಸಕ್ಕೆ ಬಿದ್ದ. ಡ್ರಿಲ್ಲು ಕಲ್ಲನ್ನು ಕೊರೆಯಿತು, ಬೋಲ್ಟು ಕೂತವು, ಹಳಿ ಕೂತವು. ಕಮಾನುಗಳನ್ನು ಎತ್ತಿ ನಿಲ್ಲಿಸಿದರೆ ಈ ಸಲ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಅಷ್ಟು ಸರಿಯಾಗಿ ಹೊಂದಿದ್ದನ್ನು ನೋಡಿ ಅವನಿಗೆ ಅಳು ಬಂತು. ಶೀಟು ಕೂಡಿಸಿ, ಅಂಚಿಗೆ ರಬ್ಬರು ಒತ್ತುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು.

ಶ್ರಾವಣದ ಜಿಟಿಜಿಟಿ ಮಳೆ ಹತ್ತಿತು. ಡ್ರಿಲ್ಲು ತೋಯುತ್ತದೆಂದು ಅಮೀನಸಾಬ ಪಿಕಪ್ಪಿಗೆ ಓಡಿದ. ಹಳಿಗಳ ನಡುವಿನ ಅಗಲವನ್ನು ಕೊನೆಗೊಮ್ಮೆ ನೋಡುವುದು ಬಾಕಿಯಿತ್ತು. ಮಾಂತೇಶ ಡೋಮಿನ ಒಳಗೆ ಟೇಪು ಹಿಡಿದು ಅವನ ದಾರಿ ಕಾಯುತ್ತಿರುವಾಗ ಮಹೇಶ್ವರಿ ಒಳಗೆ ಬಂದಳು.

"ತುದಿ ನಾ ಹಿಡೀತೇನಿ, ಕೊಡ್ರಿ."

ಆಚೆ ದಂಡೆಗೆ ಹೋಗಿ, ಅದೇ ಜಾಗದಲ್ಲಿ ಕೂತಳು. ಟೇಪಿನ ಕೊಕ್ಕೆಯನ್ನು ಕಲ್ಲಿನ ಹೊರ ಅಂಚಿಗೆ ಸಿಕ್ಕಿಸಿ ಹೆಬ್ಬೆರಳಿನಿಂದ ಒತ್ತಿದಳು. ಉಗುರು ಬೆಳ್ಳಗಾಗುವಷ್ಟು ಒತ್ತಿದಳು. ಮೇಲೆ ಮಳೆ ಕಾಣುತ್ತಿತ್ತು, ಅವರು ತೋಯುತ್ತಿರಲಿಲ್ಲ. ಅನ್ವಿಗೆ ಹೇಳಿದ ಮಾತು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ಮೇಲೆ ನೋಡಿ, ಬೇಗನೆ ಕಣ್ಣು ಇಳಿಸಿದರು.

"ಒಂದು ಹೇಳೂದೈತ್ರಿ," ಅಂದ ಮಾಂತೇಶ. "ಮೊದಲ ಸಲಾ ನಾ ಮೂಲಿ ಅಳತಿ ಬಿಟ್ಟು ಹೋದ್ನೆಲ್ಲ, ಅದು ಮರತದ್ದಲ್ರಿ. ನಿಮ್ಮನ್ನ ಇನ್ನೊಮ್ಮೆ ನೋಡೂ ಸಲುವಾಗಿ ಬಿಟ್ಟು ಹೋಗಿದ್ದೆ. ಎರಡನೇ ಸಲಾ ನಿಮ್ಮ ಮಾರಿ ನೋಡಕೋತ ಟೇಪ್ ತಪ್ಪಿಸಿದೆ. ನಾಲ್ಕ ಬೆರಳ ಕಡಿಮಿ ಬರದೆ. ನಿಮ್ಮ ವೈನಿ ಚಿಲಕಾ ಹಾಕಿರಲಿ ಬಿಡಲಿ, ನಾ ಹೇಳಿದ ಹೊತ್ತಿಗೆ ಇದು ಇಲ್ಲಿ ಇದ್ದಿದ್ರ ಕೂಸು ಇರತಿತ್ತು. ಕೊಂದಾಂವ ನಾ."

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡ. ಅವಳು ಏಳಲಿಲ್ಲ.

"ನೀವು ತಪ್ಪು ಬರದಿಲ್ರಿ. ಟೇಪಿನ್ಯಾಗ ಇದ್ದದ್ದನ್ನ ಬರದ್ರಿ."

"ಏನಂದ್ರಿ?"

"ಆವತ್ತ ತುದಿನ್ನ ನಾನ ನಾಲ್ಕ ಬೆರಳ ಒಳಗ ಹಿಡದಿದ್ದೆ. ಬೇಕಂತ." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ದಿನಾ ನೂರ ಕಲ್ಲಿಗೆ ಟೇಪ್ ಹಿಡಿಯೂ ಕೈರಿ ಇದು. ಸುಮ್ಮಸುಮ್ಮನ ತಪ್ಪತೈತೇನು? ನೀವು ಇನ್ನೊಮ್ಮೆ ಬರಬೇಕಾಗಿತ್ತು ನನಗ. ಅಷ್ಟ."

ಆರು ತಿಂಗಳ ಹಿಂದೆ ಈ ಮಾತು ಕಿವಿಗೆ ಬಿದ್ದಿದ್ದರೆ ಮಾಂತೇಶನಷ್ಟು ಸುಖಿ ಬಾಗಲಕೋಟೆ ಜಿಲ್ಲೆಯಲ್ಲೇ ಇರುತ್ತಿರಲಿಲ್ಲ. ಅವಳೂ ತನ್ನನ್ನು ಬಯಸಿದ್ದಳು, ತಾನು ಬಯಸಿದಷ್ಟೇ, ಅದೇ ಕಳ್ಳದಾರಿಯಲ್ಲಿ. ಪ್ರೀತಿ ಹೇಳಿಕೊಳ್ಳಲು ಯಾರಿಗೂ ಇಂಥ ಮಾತು, ಇಂಥ ಜಾಗ ಬರಬಾರದು. ಅವನಿಗೆ ಅಲ್ಲಿಂದ ಎದ್ದು ಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆನಿಸಿತು. ನಡುವೆ ಹನ್ನೆರಡು ಅಡಿ ಬರಿದಾದ ಹೊಂಡವಿತ್ತು. ಅವನು ಅಲುಗಲಿಲ್ಲ.

"ವೈನಿ ಹೋಗೂಮುಂದ ನನ್ನ ಕೈ ಹಿಡದು ಕೇಳಿದ್ರು," ಎಂದಳು ಮಹೇಶ್ವರಿ. "ಮಹೇಶಿ, ನಾ ಚಿಲಕಾ ಹಾಕಿದ್ನೋ ಇಲ್ಲೋ, ನನಗ ನೆನಪ ಆಗವಲ್ದು, ನಿನಗರ ಗೊತ್ತೈತೇನು ಅಂತ. ನಾ ಸುಮ್ನ ನಿಂತೆ. ಐದ ತಿಂಗಳ ಆತು, ಸುಮ್ನ ನಿಂತೇನಿ." ಈಗ ಮಾತ್ರ ಅವಳ ದನಿ ಒಡೆಯಿತು. "ಅಣ್ಣಗ ಹೇಳೂಣ್ರಿ. ಇಬ್ರೂ ಕೂಡೇ ಹೇಳೂಣು."

"ಹೇಳಿದ್ರ ನಮ್ಮದು..."

"ಗೊತ್ತೈತ್ರಿ. ಹೇಳಲಿಲ್ಲಂದ್ರ ಏನ ಉಳೀತೈತಿ, ಅದನ್ನ ಹೇಳ್ರಿ."

ಮಾಂತೇಶ ಬಗ್ಗಿ ಟೇಪಿನ ಮೇಲಿನ ಅಂಕಿ ನೋಡಿದ. ಟೇಪು ಸುತ್ತಿ ಕಿಸೆಗೆ ಹಾಕಿಕೊಂಡ. ಅಳತೆ ಸರಿಯಾಗಿತ್ತು.

*

ಚೇತನಕುಮಾರ ಪಡಸಾಲೆಯಲ್ಲಿ, ಹಿತ್ತಲ ಬಾಗಿಲು ಕಾಣುವ ಹಾಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಇಬ್ಬರೂ ಅವನ ಮುಂದೆ ನಿಂತು ಹೇಳಿದರು. ಮೊದಲು ಮಾಂತೇಶ, ಆಮೇಲೆ ಮಹೇಶ್ವರಿ. ಯಾರೂ ಯಾರ ಪಾಲನ್ನೂ ಕಡಿಮೆ ಮಾಡಲಿಲ್ಲ.

ಹೊಡೆಯುತ್ತಾನೆ ಎಂದುಕೊಂಡಿದ್ದ ಮಾಂತೇಶ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಚೇತನಕುಮಾರ ಬಹಳ ಹೊತ್ತು ಅವರ ಕಾಲುಗಳನ್ನೇ ನೋಡುತ್ತಿದ್ದ.

"ಎಷ್ಟ ದಿನಾ ತಡಾ ಆತು ಎಲ್ಲಾ ಕೂಡಿ?"

"ಮೊದಲ ಎಂಟು. ಆಮ್ಯಾಲ ಇಪ್ಪತ್ತು ಹೇಳಿದ್ರು, ಹದಿನೆಂಟಕ್ಕ..." ಎಂದ ಮಾಂತೇಶ.

"ನಾನೂ ಒಂದ ಸಲಾ ಫೋನ್ ಮಾಡಿ ಯಾಕ ತಡಾ ಅಂತ ಕೇಳಲಿಲ್ಲ," ಎಂದ ಚೇತನಕುಮಾರ, ತನಗೆ ತಾನೇ ಹೇಳಿಕೊಳ್ಳುವಂತೆ. "ಡೋಮ್ ಬರೂ ತನಾ ನೀರ ಬಿಡಬ್ಯಾಡ್ರಿ ಅಂದಿದ್ಲು ಬನಶಂಕರಿ. ಕೂಸು ಕಾಡತೈತಂತ ಬಿಟ್ಟಾಂವ ನಾ. ಬಿಟ್ಟು, ಐದ ತಿಂಗಳಿಂದ ಆ ಒಂದು ಚಿಲಕಾ ನೋಡಕೋತ ಕುಂತೇನಿ."

ಎದ್ದ. ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ನಿಂತು ಮಾಂತೇಶನ ಮುಂದೆ ಕೈ ಚಾಚಿದ. ಮಾಂತೇಶ ಡೋಮಿನ ಎರಡೂ ಕೀಲಿಗಳನ್ನು ಆ ಕೈಯಲ್ಲಿಟ್ಟ.

"ಹೋಗು. ಮತ್ತ ಈ ಗೇಟಿಗೆ ಬರಬ್ಯಾಡ." ಆಮೇಲೆ ತಂಗಿಯ ಕಡೆ ತಿರುಗಿದ. "ಚಪ್ಪಲಿ ಹಾಕ್ಕೋ ಮಹೇಶಿ. ಬಾದಾಮಿಗೆ ಹೋಗೂಣು. ನನಗ ಹೇಳಿದ್ದನ್ನ ಅಕಿ ಮುಂದ ನಿನ್ನ ಬಾಯಿಲೆ ಹೇಳು. ನಾನೂ ನಂದು ಹೇಳ್ತೇನಿ."

*

ಸಾಮಾನು ಪಿಕಪ್ಪಿಗೆ ಕಟ್ಟಿಕೊಂಡು ಹೊರಡಲು ಹತ್ತು ನಿಮಿಷ ಹಿಡಿಯಿತು. ಹುನಗುಂದ ದಾಟಿ ಅಮೀನಗಡಕ್ಕೆ ಬಂದಾಗ ಮಳೆ ನಿಂತು ಸಂಜೆಯ ಬೆಳಕು ಬಿದ್ದಿತ್ತು. ಕರದಂಟಿನ ಮಿಠಾಯಿ ಅಂಗಡಿಯ ಮುಂದೆ ಚೇತನಕುಮಾರನ ಕಾರು ನಿಂತಿತ್ತು. ಹೆಂಡತಿಯ ಮನೆಗೆ ಬರಿಗೈಯಲ್ಲಿ ಹೇಗೆ ಹೋಗುತ್ತಾನೆ? ಅಂಥ ಹೊತ್ತಿನಲ್ಲೂ ಅವನಿಗೆ ಅದು ನೆನಪಾಗಿತ್ತು. ಕರೆತರಲಿಕ್ಕೇ ಹೊರಟಿದ್ದಾನೆ ಎಂಬುದು ಮಾಂತೇಶನಿಗೆ ಅಲ್ಲಿ ಖಾತ್ರಿಯಾಯಿತು.

ನಿಲ್ಲಿಸದೆ ಹೋಗಿಬಿಡಬೇಕೆಂದಿದ್ದ. ಕಾರಿನ ಪಕ್ಕ ನಿಂತಿದ್ದ ಮಹೇಶ್ವರಿ ಕೈ ಎತ್ತಿದಳು. ಅವನು ಇಳಿದು ಬಂದ.

"ನಾಳಿ ನಿಮ್ಮ ಅವ್ವಾರನ್ನ ಕರಕೊಂಡು ಬರೂ ದಿನಾ ಇತ್ತು," ಅಂದಳು.

"ಹೌದ್ರಿ."

"ಬರಬ್ಯಾಡ್ರಿ. ವೈನಿ ನನ್ನನ್ನ ಮನ್ಯಾಗ ಇರಗೊಡ್ತಾರೋ ಇಲ್ಲೋ ಗೊತ್ತಿಲ್ಲ. ಇರಗೊಟ್ರ ಅವರ ಕಣ್ಣ ಮುಂದ ನಾ ಮದಲಗಿತ್ತಿ ಆಗಾಕ ಆಗೂದಿಲ್ಲ. ಎಂದೂ ಆಗೂದಿಲ್ಲ."

"ಗೊತ್ತೈತ್ರಿ. ನನ್ನ ಕೈಲೂ ಆಗೂದಿಲ್ಲ."

ಅಂಗಡಿಯಲ್ಲಿ ಚೇತನಕುಮಾರ ತಿರುಗಿ ನೋಡಿದ. ಪೊಟ್ಟಣ ಕಟ್ಟಿ ಅವನ ಕೈಗೆ ಬಂದಾಗಿತ್ತು. ಅವರಿಬ್ಬರನ್ನೂ ಕಂಡವನು ಮತ್ತೆ ಕಟ್ಟೆಯ ಕಡೆಗೇ ಮುಖ ಮಾಡಿ, ಏನೋ ಕೊಳ್ಳುವವನ ಹಾಗೆ ನಿಂತ.

"ಒಂದು ಬೇಡ್ತೇನಿ, ಇಲ್ಲ ಅನಬ್ಯಾಡ್ರಿ," ಅಂದಳು ಮಹೇಶ್ವರಿ. ಅವನ ಅಂಗಿಯ ಗುಂಡಿಯ ಮೇಲಿಂದ ಅವಳ ನೋಟ ಮೇಲೇರಲಿಲ್ಲ. "ನನಗ ಒಮ್ಮೆ ಅಕ್ಕಾರ ಅಂದು ಹೋಗ್ರಿ. ನಿಮ್ಮ ಬಾಯಾಗ ಅಷ್ಟ ಕೇಳಿದ್ರ ಮುಂದಿಂದು ಹೆಂಗರ ನಡೀತೈತಿ."

ಸಾವಿರ ಮನೆಗಳಲ್ಲಿ ಸಾವಿರ ಹೆಂಗಸರಿಗೆ ಅಂದ ಮಾತು. ಖರ್ಚಿಲ್ಲದ ಮಾತು. ಮಾಂತೇಶ ಬಾಯಿ ತೆರೆದ. ತುಟಿ ಅಲುಗಿತು. ಅವಳು ಕಣ್ಣು ಮುಚ್ಚಿ ಕಾಯುತ್ತಿದ್ದಳು. ರೆಪ್ಪೆಯ ಅಂಚಿನಲ್ಲಿ ನೀರು ನಿಂತಿತ್ತು.

"ಇವತ್ತ ಮನಿ ಬಿಡೂಮುಂದ ಒಂದ ಆಣಿ ಮಾಡೇನ್ರಿ," ಅಂದ ಅವನು. "ಇನ್ನ ಮ್ಯಾಲ ಸುಳ್ಳ ಅಳತಿ ಹೇಳೂದಿಲ್ಲಂತ. ನಿಮ್ಮ ಗೇಟಿಗೆ ಬರೂದಿಲ್ಲ. ಫೋನ್ ಹಚ್ಚೂದಿಲ್ಲ. ಬ್ಯಾರೇ ಏನ ಬೇಕಾದ್ರೂ ಕೇಳ್ರಿ. ಇದೊಂದು ಸುಳ್ಳು ನನ್ನ ಬಾಯಿಲೆ ಹೇಳಿಸಬ್ಯಾಡ್ರಿ."

ಮಹೇಶ್ವರಿ ಕಣ್ಣು ತೆರೆದಳು. ಗೇಟು ತೆಗೆದಾಗಿನಿಂದ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದಳು. ಜನವರಿಯಲ್ಲಿ ಟೇಪಿನ ಆಚೆ ತುದಿಯಿಂದ ನೋಡಿದ ಹಾಗೆಯೇ ನೋಡಿದಳು. ಆಮೇಲೆ ರಸ್ತೆ, ಜನ ಯಾವುದನ್ನೂ ಲೆಕ್ಕಿಸದೆ, ಅಲ್ಲಿಯೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಮುಟ್ಟಲಿಲ್ಲ. ಅವಳು ಅತ್ತು ಮುಗಿಸುವವರೆಗೂ ಎದುರು ನಿಂತಿದ್ದ, ಅಷ್ಟೇ.

ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳು ಕಾರಿನ ಬಾಗಿಲಿಗೆ ಕೈ ಹಾಕಿದಳು.

"ಹಂಗಾರ ಅನಬ್ಯಾಡ್ರಿ," ಅಂದಳು. "ಯಾವಾಗೂ ಅನಬ್ಯಾಡ್ರಿ."

ಚೇತನಕುಮಾರ ಬಂದು ಕಾರು ಚಾಲೂ ಮಾಡಿದ. ಕಾರು ಎಡಕ್ಕೆ ಹೊರಳಿ ಪಟ್ಟದಕಲ್ಲಿನ ಮೇಲಿಂದ ಬಾದಾಮಿಗೆ ಹೋಗುವ ದಾರಿ ಹಿಡಿಯಿತು. ಅದರ ಹಿಂದಿನ ದೀಪ ಕಾಣದಾಗುವವರೆಗೂ ಮಾಂತೇಶ ಅಲ್ಲಿಯೇ ನಿಂತಿದ್ದ. ಆಮೇಲೆ ಪಿಕಪ್ ಹತ್ತಿ, ಬಾಗಲಕೋಟೆಗೆ ಹೋಗುವ ಶಿರೂರಿನ ದಾರಿಯಲ್ಲಿ ನೆಟ್ಟಗೆ ಹೊರಟ.